ಎಥನಾಲೋ ಮೆಥನಾಲೋ: ಪುಣೆ, ಮುಂಬೈ, ಗೋವಾದಲ್ಲಿ ರೇಸ್ ಇಂಜಿನ್ ಕಟ್ಟುವವರಿಗೆ

ಪುಣೆ ಪಕ್ಕದ ಭೋಸರಿಯ ಗ್ಯಾರೇಜುಗಳಲ್ಲಿ ಕನ್ನಡ ಕಿವಿಗೆ ಬೀಳುವುದು ಹೊಸದೇನಲ್ಲ. ನಿಪ್ಪಾಣಿ, ಚಿಕ್ಕೋಡಿ, ವಿಜಯಪುರ ಕಡೆಯಿಂದ ಬಂದು ಇಲ್ಲೇ ನೆಲೆನಿಂತ ಲೇತ್ ಕೆಲಸದವರು, ಮೆಕ್ಯಾನಿಕ್‌ಗಳು ಬೇಕಾದಷ್ಟು ಜನ. ಡ್ರ್ಯಾಗ್ ರೇಸಿಗೆ, ಅಂದರೆ ನೇರ ದಾರಿಯ ಚಿಕ್ಕ ಓಟದ ಪಂದ್ಯಕ್ಕೆ, ಗಾಡಿ ಕಟ್ಟಿಸಲು ಬರುವ ಹುಡುಗರು ಅವರನ್ನು ಮೊದಲು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಮೆಥನಾಲ್ ಹಾಕಿದ್ರ ಎಷ್ಟು ಪವರ್ ಏರತೈತಿ?"

ಎಥನಾಲ್, ಮೆಥನಾಲ್ ಎರಡೂ ಪೆಟ್ರೋಲಿನ ಬದಲು ಉರಿಸಬಹುದಾದ ಆಲ್ಕೋಹಾಲ್‌ಗಳು. ಕಾರ್ಖಾನೆಯಿಂದ ಬಂದ ಹಾಗೇ ಇರುವ ಸ್ಟಾಕ್ ಇಂಜಿನ್‌ಗೆ ಹಾಕಿದರೆ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಒಂದು ಕೆ.ಜಿ. ಪೆಟ್ರೋಲಿನಲ್ಲಿ ಸುಮಾರು 43 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲ್‌ನಲ್ಲಿ 27, ಮೆಥನಾಲ್‌ನಲ್ಲಿ ಬರೀ 20. ಆದರೆ ಇಂಜಿನ್‌ಗೆ ಅಳತೆ ಇರುವುದು ಗಾಳಿಯದು, ಇಂಧನದ್ದಲ್ಲ. ಒಂದು ಕೆ.ಜಿ. ಇಂಧನ ಪೂರ್ತಿ ಉರಿಯಲು ಪೆಟ್ರೋಲಿಗೆ 14.7 ಕೆ.ಜಿ. ಗಾಳಿ ಬೇಕು, ಎಥನಾಲ್‌ಗೆ 9, ಮೆಥನಾಲ್‌ಗೆ 6.4. ಭಾಗಿಸಿ ನೋಡಿ: ಒಂದು ಕೆ.ಜಿ. ಗಾಳಿಯ ಲೆಕ್ಕದಲ್ಲಿ ಮೂರರಿಂದಲೂ ಸಿಗುವುದು 3 ಮೆಗಾಜೂಲ್ ಆಸುಪಾಸು. ಮೆಥನಾಲ್ ಕೂದಲೆಳೆಯಷ್ಟು ಮುಂದೆ, ಅಷ್ಟೆ.

ನಿಜವಾದ ಲಾಭ ತಂಪಿನಲ್ಲಿದೆ. ಇಂಧನ ಆವಿಯಾಗುವಾಗ ಸುತ್ತಲಿನ ಶಾಖ ಎಳೆದುಕೊಳ್ಳುತ್ತದೆ. ಒಂದು ಕೆ.ಜಿ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಆವಿಯಾದರೆ ಹೀರುವುದು ಸುಮಾರು 24 ಕಿಲೋಜೂಲ್, ಎಥನಾಲ್ 95ರಷ್ಟು, ಮೆಥನಾಲ್ ಹತ್ತಿರ ಹತ್ತಿರ 170. ಮೇ ತಿಂಗಳ ಮುಂಬೈ ಸೆಕೆಯಲ್ಲಿ ಮೆಥನಾಲ್ ಇಂಜಿನ್ ಎರಡು ನಿಮಿಷ ಓಡಿಸಿ ಇನ್‌ಟೇಕ್ ಮ್ಯಾನಿಫೋಲ್ಡ್ ನೋಡಿ: ಮೊದಲು ಬೆವರು ಇಳಿಯುತ್ತದೆ, ಆಮೇಲೆ ಕಾರ್ಬುರೇಟರ್ ಬುಡದಲ್ಲಿ ಬಿಳಿ ಹಿಮ ಕಟ್ಟುತ್ತದೆ. ಆ ತಂಪು, ಜೊತೆಗೆ ನಾಕಿಂಗ್ (ಮಿಶ್ರಣ ತಾನಾಗಿ ಹೊತ್ತಿಕೊಂಡು ಬಡಿಯುವುದು) ತಡೆಯುವ ಗುಣ, ಇವೆರಡನ್ನೂ ಬಳಸಿಕೊಂಡು ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಅದುಮುವ ಅನುಪಾತ) ಏರಿಸಿದರೆ, ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಏರಿಸಿದರೆ, ಕಿಡಿಯ ಟೈಮಿಂಗ್ ಮುಂದಕ್ಕೆ ತಂದರೆ ಪವರ್ ಬರುತ್ತದೆ. ಇಂಜಿನ್ ಮುಟ್ಟುವ ಯೋಚನೆ ಇಲ್ಲದವರು ಇಂಧನ ಬದಲಿಸಲು ಹೊರಟರೆ ಖರ್ಚು ಮಾತ್ರ ಉಳಿಯುತ್ತದೆ.

ಮೊದಲು ಪೆಟ್ರೋಲಿನಲ್ಲೇ ಮುಗಿಯುತ್ತದಾ ನೋಡಿ

ಪಂಪಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲೇ ಈಗ ಶೇ. 20 ಎಥನಾಲ್ ಇದೆ. ಟರ್ಬೊ ಇಲ್ಲದ ಇಂಜಿನ್, ಕಂಪ್ರೆಷನ್ 10.5 ಅಥವಾ 11ರ ಒಳಗಿದ್ದರೆ ಅದೇ ಸಾಕು. 11.5ರ ಹತ್ತಿರ ಹೋದವರಿಗೆ ನಾಕಿಂಗ್ ಹೆಚ್ಚು ತಡೆಯುವ, ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ ಎಕ್ಸ್‌ಪಿ100 ಇದೆ. 2020ರ ಡಿಸೆಂಬರ್‌ನಲ್ಲಿ ಮೊದಲು ಬಿಟ್ಟ ಊರುಗಳಲ್ಲಿ ಪುಣೆ, ಮುಂಬೈ ಎರಡೂ ಇದ್ದವು. ಅದರಿಂದ ತಂಪೇನೂ ಹೆಚ್ಚು ಸಿಗುವುದಿಲ್ಲ, ಆದರೆ ಪೈಪು, ಪಂಪು, ಟ್ಯಾಂಕ್ ಯಾವುದನ್ನೂ ಬದಲಿಸಬೇಕಿಲ್ಲ. ವಾರವಿಡೀ ಆಫೀಸಿಗೆ ಹೋಗಿ ವರ್ಷಕ್ಕೆರಡು ಸಲ ಆಂಬಿ ವ್ಯಾಲಿ ರನ್‌ವೇಯಂಥ ಕಡೆ ಓಡಿಸುವ ಗಾಡಿಗೆ ಇದಕ್ಕಿಂತ ಮುಂದೆ ಹೋಗುವುದು ಹಣದ ದಂಡ ಎಂದೇ ನಮ್ಮ ಅಭಿಪ್ರಾಯ.

ರಸ್ತೆಯಲ್ಲಿ ಓಡುವ ಟರ್ಬೊ ಕಾರಿಗೆ ನಡುದಾರಿ ಒಂದಿದೆ: ಟ್ಯಾಂಕಿನಲ್ಲಿ ಪೆಟ್ರೋಲ್, ಬೂಸ್ಟ್ ಏರಿದಾಗ ಮಾತ್ರ ಇನ್‌ಟೇಕ್‌ಗೆ ಅರ್ಧ ನೀರು ಅರ್ಧ ಮೆಥನಾಲ್ ಸಿಂಪಡಿಸುವ ಕಿಟ್. ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ನಾಝಲ್ ಕಟ್ಟಿಕೊಂಡ ದಿನ ಟೈಮಿಂಗ್ ಮುಂದೆ, ಬೂಸ್ಟ್ ಮೇಲೆ, ತಂಪು ಸೊನ್ನೆ. ಪಿಸ್ಟನ್ ರಿಂಗ್ ಲ್ಯಾಂಡ್ ಒಡೆಯಲು ಒಂದೇ ಗೇರ್ ಸಾಕು. ಹರಿವು ನಿಂತರೆ ತಾನಾಗಿ ಬೂಸ್ಟ್ ಇಳಿಸುವ ಸೆನ್ಸರ್ ಇಲ್ಲದ ಕಿಟ್ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ.

ಎಥನಾಲ್: ನಮ್ಮ ಕಡೆಯ ಕಬ್ಬಿನ ಇಂಧನ

ಈ ಭಾಗದಲ್ಲಿ ಎಥನಾಲ್‌ಗೆ ಬೇರೆ ಊರುಗಳಿಗಿಲ್ಲದ ಅನುಕೂಲ ಇದೆ. ಕೊಲ್ಹಾಪುರದಿಂದ ಬೆಳಗಾವಿವರೆಗೆ ದಾರಿಯುದ್ದಕ್ಕೂ ಸಕ್ಕರೆ ಕಾರ್ಖಾನೆ; ಎಥನಾಲ್ ಘಟಕಗಳಿಗೆ ತಂತ್ರಜ್ಞಾನ ಒದಗಿಸುವ ಪ್ರಾಜ್ ಇಂಡಸ್ಟ್ರೀಸ್ ಪುಣೆಯದೇ. ದೇಶದ ಮೊದಲ ಇ100 (ಬಹುಪಾಲು ಎಥನಾಲೇ ಇರುವ ಇಂಧನ) ಪ್ರಯೋಗ ಶುರುವಾದದ್ದೂ 2021ರ ಜೂನ್ 5ರಂದು ಪುಣೆಯ ಮೂರು ಪಂಪುಗಳಲ್ಲಿ. 2024ರ ಮಾರ್ಚ್‌ನಲ್ಲಿ ಇಂಡಿಯನ್ ಆಯಿಲ್ ಮಹಾರಾಷ್ಟ್ರ, ಕರ್ನಾಟಕ ಸೇರಿ ಐದು ಕಡೆಯ 183 ಪಂಪುಗಳಿಗೆ ಅದನ್ನು ವಿಸ್ತರಿಸಿತು. ಹೋಗುವ ಮೊದಲು ಪಂಪಿಗೆ ಫೋನ್ ಮಾಡಿ ದಾಸ್ತಾನು ಇದೆಯೇ ಎಂದು ಕೇಳಿಕೊಳ್ಳಿ.

ಇ100 ಅಂದರೆ ನೂರಕ್ಕೆ ನೂರು ಎಥನಾಲ್ ಅಲ್ಲ. ಶೇ. 93ರಷ್ಟು ಎಥನಾಲ್, 5 ಪೆಟ್ರೋಲ್, ಉಳಿದದ್ದು ಎರಡೂ ಬೇರ್ಪಡದಂತೆ ಹಿಡಿದಿಡುವ ಬೇರೊಂದು ಆಲ್ಕೋಹಾಲ್. ಡಿಸೆಂಬರ್ ಜನವರಿಯಲ್ಲಿ ಪುಣೆಯ ಬೆಳಗಿನ ಚಳಿ 10 ಡಿಗ್ರಿಗೆ ಇಳಿದಾಗ ಇದನ್ನೇ ನೇರ ಹಾಕಿದ ಇಂಜಿನ್ ಸ್ಟಾರ್ಟ್ ಆಗದೆ ಬ್ಯಾಟರಿ ತಿನ್ನುತ್ತದೆ, ಏಕೆಂದರೆ ಎಥನಾಲ್ ತಣ್ಣಗಿದ್ದಾಗ ಆವಿಯಾಗುವುದೇ ಕಷ್ಟ. ಕಿಡಿ ಹಿಡಿಯಲು ಪೆಟ್ರೋಲಿನ ಹಗುರ ಭಾಗ ಬೇಕು. ಅದಕ್ಕೇ ಶೇ. 85 ಎಥನಾಲ್ ಇರುವ ಇ85 ಎಂಬ ಮಿಶ್ರಣ. ಗ್ಯಾರೇಜಿನಲ್ಲೇ ಮಾಡಿಕೊಳ್ಳಬಹುದು: 10 ಲೀಟರ್ ಇ85 ಬೇಕಿದ್ದರೆ ಪಂಪಿನ ಇ100 8.9 ಲೀಟರ್, ಸಾಮಾನ್ಯ ಇ20 ಪೆಟ್ರೋಲ್ 1.1 ಲೀಟರ್. ಇಂಜೆಕ್ಟರ್ ಅಷ್ಟು ಹರಿಸಲಾರವು ಎಂದಾದರೆ ಇ60ಕ್ಕೆ ನಿಲ್ಲಿ: ಇ100 5.5 ಲೀಟರ್, ಪೆಟ್ರೋಲ್ 4.5. ನಾಕಿಂಗ್ ತಡೆಯುವ ಲಾಭದ ದೊಡ್ಡ ಪಾಲು ಅಷ್ಟಕ್ಕೇ ಸಿಕ್ಕಿಬಿಡುತ್ತದೆ. ಸೆಕೆಂಡ್ ಹ್ಯಾಂಡ್ ಟರ್ಬೊ ಹಾಕಿ ಕಟ್ಟುವ ಬಹುತೇಕ ಗಾಡಿಗಳಿಗೆ ನಾವು ಹೇಳುವುದು ಇದನ್ನೇ.

ಕ್ಯಾನಿನಲ್ಲಿರುವುದು ಎಷ್ಟು ಎಥನಾಲ್ ಎಂದು ಪರೀಕ್ಷಿಸಲು 100 ಮಿ.ಲೀ. ಗಾಜಿನ ಅಳತೆಯ ಜಾರ್ ಸಾಕು. 50 ಮಿ.ಲೀ. ನೀರು, 50 ಮಿ.ಲೀ. ಇಂಧನ ಹಾಕಿ ಬಾಯಿ ಮುಚ್ಚಿ ಕುಲುಕಿ, ಹತ್ತು ನಿಮಿಷ ಬಿಡಿ. ಎಥನಾಲ್ ನೀರಿನ ಜೊತೆ ಕೆಳಗಿಳಿಯುತ್ತದೆ, ಪೆಟ್ರೋಲ್ ಮೇಲೆ ತೇಲುತ್ತದೆ. ಮೇಲಿನ ಪದರ 7.5 ಮಿ.ಲೀ. ಸುಮಾರಿಗಿದ್ದರೆ ಇ85, 20 ಮಿ.ಲೀ. ಇದ್ದರೆ ಇ60. ಅಂದಾಜು ಲೆಕ್ಕ, ಆದರೆ ಬಾಯಿಮಾತಿಗಿಂತ ಮೇಲು. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಒಪ್ಪುವುದಾದರೆ ಎಥನಾಲ್ ಪ್ರಮಾಣ ಅಳೆಯುವ ಫ್ಲೆಕ್ಸ್ ಸೆನ್ಸರ್ ಹಾಕಿಸಿ. ಸಾಮಾನ್ಯವಾಗಿ ಸಿಗುವವು ಎಥನಾಲ್ ಇಲ್ಲದಿದ್ದಾಗ 50 ಹರ್ಟ್ಜ್, ಪೂರ್ತಿ ಎಥನಾಲ್‌ಗೆ 150 ಹರ್ಟ್ಜ್ ಸಿಗ್ನಲ್ ಕೊಡುತ್ತವೆ. ಮೆಥನಾಲ್‌ಗೆ ಆ ಸೆನ್ಸರ್ ಲೆಕ್ಕ ನಂಬಬೇಡಿ.

ಎಥನಾಲ್ ಹಾಕಿದ ಮೊದಲ ವಾರದಲ್ಲಿ ಬರುವ ತಕರಾರು ಬಹುಮಟ್ಟಿಗೆ ಫಿಲ್ಟರ್‌ನದು. ಹಳೆಯ ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿದ್ದ ಜಿಡ್ಡು, ತುಕ್ಕನ್ನೆಲ್ಲ ಅದು ಕಿತ್ತು ತರುತ್ತದೆ. ಎರಡು ಟ್ಯಾಂಕ್ ಮುಗಿಯುವಷ್ಟರಲ್ಲಿ ಫಿಲ್ಟರ್ ಬದಲಿಸಿ. ಕಾಗದದ ಫಿಲ್ಟರ್ ಬದಲು ಸ್ಟೇನ್‌ಲೆಸ್ ಜಾಲರಿಯದು ಒಳ್ಳೆಯದು.

ಮೆಥನಾಲ್: ಯಾರಿಗೆ, ಯಾವಾಗ

ಕಂಪ್ರೆಷನ್ 13 ದಾಟಿದೆ, ಅಥವಾ ಇಂಟರ್‌ಕೂಲರ್ ಇಲ್ಲದೆ ದೊಡ್ಡ ಬೂಸ್ಟ್ ಓಡಿಸಬೇಕು, ಗಾಡಿ ಟ್ರೇಲರ್ ಮೇಲೆ ಹೋಗಿ ಟ್ರೇಲರ್ ಮೇಲೆ ಬರುವಂಥದ್ದು, ಪ್ರತಿ ಸಲ ಓಡಿಸಿದ ಮೇಲೆ ಇಂಧನ ವ್ಯವಸ್ಥೆ ತೊಳೆಯುವ ತಾಳ್ಮೆ ಇದೆ. ಈ ಎಲ್ಲವೂ ನಿಮಗೆ ಹೊಂದಿದರೆ ಮೆಥನಾಲ್ ಯೋಚಿಸಿ. ಒಂದು ತಪ್ಪಿದರೂ ಇ85ರಲ್ಲೇ ಉಳಿಯಿರಿ. ಮಣ್ಣಿನ ಟ್ರ್ಯಾಕಿನ ಸ್ಪೀಡ್‌ವೇ ರೇಸಿನ ಬೈಕುಗಳು ಮೆಥನಾಲ್ ಮೇಲೆ ಓಡುತ್ತವೆ, ನಿಜ. ಆದರೆ ಆ ಇಂಜಿನ್‌ಗಳನ್ನು ಕೆಲವೇ ರೇಸಿಗೊಮ್ಮೆ ಬಿಚ್ಚಿ ಕೂರಿಸುತ್ತಾರೆ.

ಅಮೆರಿಕದ ಇಂಡಿಯಾನಪೊಲಿಸ್ 500 ಕಾರ್ ರೇಸ್ ಈ ವಿಷಯದಲ್ಲಿ ಒಳ್ಳೆಯ ಪಾಠ. 1964ರಲ್ಲಿ ಪೆಟ್ರೋಲ್ ಬೆಂಕಿಗೆ ಇಬ್ಬರು ಚಾಲಕರು ಬಲಿಯಾದ ಮೇಲೆ ಅಲ್ಲಿ ಮೆಥನಾಲ್ ನೆಲೆಯೂರಿತು, ಏಕೆಂದರೆ ಅದರ ಬೆಂಕಿ ನೀರಿಗೆ ಆರುತ್ತದೆ. 1981ರಲ್ಲಿ ಚಾಲಕ ರಿಕ್ ಮಿಯರ್ಸ್ ಕಾರಿಗೆ ಪಿಟ್‌ನಲ್ಲೇ ಬೆಂಕಿ ಹತ್ತಿದಾಗ ಮೈಮೇಲೆ ಉರಿಯುತ್ತಿದ್ದ ಜ್ವಾಲೆ ಸುತ್ತಲಿನವರ ಕಣ್ಣಿಗೇ ಬೀಳಲಿಲ್ಲ. ಹಗಲಿನಲ್ಲಿ ಮೆಥನಾಲ್ ಬೆಂಕಿ ಕಾಣುವುದಿಲ್ಲ. 2007ರಿಂದ ಆ ರೇಸ್ ಸೇರಿರುವ ಇಂಡಿಕಾರ್ ಸರಣಿ ಎಥನಾಲ್‌ಗೆ ಬದಲಾಯಿತು.

ಹರಿವಿನ ಲೆಕ್ಕ, ಇಲ್ಲೇ ಹೆಚ್ಚಿನವರು ಎಡವುವುದು

ಅಷ್ಟೇ ಗಾಳಿಗೆ ಲೀಟರ್ ಲೆಕ್ಕದಲ್ಲಿ ಪೆಟ್ರೋಲಿಗಿಂತ ಇ85 ಸುಮಾರು 1.4 ಪಟ್ಟು, ಮೆಥನಾಲ್ 2.15 ಪಟ್ಟು ಬೇಕು. 200 ಎಚ್‌ಪಿ ಗುರಿಯ ನಾಲ್ಕು ಸಿಲಿಂಡರ್ ಟರ್ಬೊ ಇಂಜಿನ್ ತೆಗೆದುಕೊಳ್ಳೋಣ. ಪೆಟ್ರೋಲಿನಲ್ಲಿ ಒಂದು ಎಚ್‌ಪಿಗೆ ಗಂಟೆಗೆ 0.27 ಕೆ.ಜಿ. ಹಿಡಿದರೆ ಒಟ್ಟು 54 ಕೆ.ಜಿ., ಅಂದರೆ ಗಂಟೆಗೆ 72 ಲೀಟರ್, ನಿಮಿಷಕ್ಕೆ 1200 ಸಿಸಿ. ನಾಲ್ಕು ಇಂಜೆಕ್ಟರ್‌ಗೆ ಹಂಚಿ, ಪ್ರತಿಯೊಂದೂ ಶೇ. 80ರಷ್ಟು ಹೊತ್ತು ಮಾತ್ರ ತೆರೆದಿರಲಿ ಎಂದುಕೊಂಡರೆ 375 ಸಿಸಿ ಇಂಜೆಕ್ಟರ್ ಸಾಕು. ಅದೇ ಇ85ಕ್ಕೆ 540 ಸಿಸಿ. ಮೆಥನಾಲ್‌ಗೆ ಲೆಕ್ಕ 800 ಎನ್ನುತ್ತದೆ, ಆದರೆ ಅದನ್ನು ಇನ್ನೂ ದಪ್ಪ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಿರುವ ಮಿಶ್ರಣದಲ್ಲಿ ಓಡಿಸುವುದರಿಂದ 1000 ಸಿಸಿ ಕೊಳ್ಳಿ. ಪಂಪಿಗೂ ಇದೇ ಗುಣಾಕಾರ: ಶೇ. 25 ಮಿಗತೆ ಸೇರಿಸಿದರೆ ಇ85ಕ್ಕೆ ಗಂಟೆಗೆ 130 ಲೀಟರ್, ಮೆಥನಾಲ್‌ಗೆ 195ಕ್ಕೆ ಕಡಿಮೆ ಇರಬಾರದು. ಈ ಅಂಕಿ ಪಂಪಿನ ಡಬ್ಬಿ ಮೇಲೆ ಬರೆದದ್ದಲ್ಲ, ನಿಮ್ಮ ರೇಲ್ ಪ್ರೆಷರಿನಲ್ಲಿ (ಇಂಜೆಕ್ಟರ್‌ಗಳ ಮುಂದಿನ ಇಂಧನದ ಒತ್ತಡದಲ್ಲಿ) ಅದು ನಿಜವಾಗಿ ತಳ್ಳುವಷ್ಟು.

ಕಾರ್ಬುರೇಟರ್ ಇರುವ ಬೈಕಿನಲ್ಲಿ ಜೆಟ್ (ಇಂಧನ ಹಾಯುವ ತೂತಿನ ತಿರುಪು) ಲೆಕ್ಕದ್ದೇ ಗೊಂದಲ. ಹರಿವು 2.2 ಪಟ್ಟಾಗಬೇಕು ಅಂದರೆ ತೂತಿನ ವಿಸ್ತಾರ 2.2 ಪಟ್ಟು, ವ್ಯಾಸ ಸುಮಾರು 1.5 ಪಟ್ಟು ಮಾತ್ರ. ಜೆಟ್ ಮೇಲಿನ ನಂಬರ್ ವ್ಯಾಸ ಸೂಚಿಸುವುದಾದರೆ 100ರ ಜಾಗಕ್ಕೆ 150 ಬರುತ್ತದೆ. ಮಿಕುನಿಯ ಆರು ಮೂಲೆಯ ಜೆಟ್‌ಗಳಲ್ಲಿ ನಂಬರ್ ಹರಿವನ್ನೇ ಸೂಚಿಸುತ್ತದೆ. ಅಲ್ಲಿ 100ರ ಬದಲು 220 ಬೇಕು. ಇದು ಗೊತ್ತಿಲ್ಲದೆ ಮಿಕುನಿಗೆ 150 ಹಾಕಿದವರ ಪಿಸ್ಟನ್ ತಲೆಯಲ್ಲಿ ತೂತು ಬೀಳುತ್ತದೆ. ಮೇನ್ ಜೆಟ್ ಒಂದನ್ನೇ ಬದಲಿಸಿದರೂ ಸಾಲದು: ಪೈಲಟ್ ಜೆಟ್, ನೀಡಲ್ ಜೆಟ್, ಫ್ಲೋಟ್ ವಾಲ್ವಿನ ಸೀಟು, ಕೊನೆಗೆ ಟ್ಯಾಂಕಿನ ಕಾಕ್ ಕೂಡ ಅಷ್ಟು ಹರಿಸಬೇಕು. ಕಾರ್ಬುರೇಟರ್‌ಗೆ ಹೋಗುವ ಪೈಪ್ ಕಳಚಿ, ಟ್ಯಾಂಕಿನಲ್ಲಿ ಕಾಲುಭಾಗ ಮಾತ್ರ ಇಂಧನ ಇರುವಾಗ ಒಂದು ನಿಮಿಷ ಅಳತೆಯ ಜಾರಿಗೆ ಬಿಡಿ. ಇಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ನಿಮಿಷಕ್ಕೆ ಕುಡಿಯುವುದಕ್ಕಿಂತ ಒಂದೂವರೆ ಪಟ್ಟಾದರೂ ಬೀಳಬೇಕು. ಮೊದಲ ಎರಡು ಗೇರ್ ಚೆನ್ನಾಗಿ ಎಳೆದು ಮೂರರಲ್ಲಿ ಉಸಿರು ಕಟ್ಟುವ ಗಾಡಿಗಳಲ್ಲಿ ತಪ್ಪು ಬಹಳ ಸಲ ಈ ಕಾಕ್‌ನಲ್ಲೇ ಇರುತ್ತದೆ, ಜೆಟ್‌ನಲ್ಲಲ್ಲ.

ಇನ್ನೊಂದು, ಊರಿನ ಎತ್ತರ. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಮೇಲಿದೆ, ಗಾಳಿಯ ಒತ್ತಡ ಮುಂಬೈ, ಗೋವಾಗಿಂತ ಶೇ. 6ರಷ್ಟು ಕಡಿಮೆ. ಇಲ್ಲಿ ಸರಿಯಾಗಿ ಕೂರಿಸಿದ ಕಾರ್ಬುರೇಟರ್ ಗೋವಾದಲ್ಲಿ ತೆಳು ಮಿಶ್ರಣ ಕೊಡುತ್ತದೆ. ವ್ಯಾಸದ ನಂಬರಿನ 150 ಜೆಟ್ ಇದ್ದರೆ ಅಲ್ಲಿಗೆ 155 ಒಯ್ಯಿರಿ. ಮೆಥನಾಲ್ ಇಂಥ ಏರುಪೇರನ್ನು ಸಹಿಸಿಕೊಳ್ಳುತ್ತದೆ, ದಪ್ಪ ಇದ್ದರೂ ಪವರ್ ಹೆಚ್ಚು ಬೀಳುವುದಿಲ್ಲ. ತೆಳುವಾದರೆ ಮಾತ್ರ ಕ್ಷಮೆ ಇಲ್ಲ.

ಹೊಗೆ ನೋಡಿ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಮೀಟರ್ ಇದ್ದವರು ಲ್ಯಾಂಬ್ಡಾದಲ್ಲೇ (1 ಅಂದರೆ ಸರಿಯಾದ ಮಿಶ್ರಣ, ಅದಕ್ಕಿಂತ ಕಡಿಮೆ ಅಂದರೆ ದಪ್ಪ) ಓದುವುದನ್ನು ರೂಢಿ ಮಾಡಿಕೊಳ್ಳಿ. ಟರ್ಬೊದಲ್ಲಿ ಇ85ಕ್ಕೆ 0.80ರಿಂದ 0.85, ಮೆಥನಾಲ್‌ಗೆ 0.75ರಿಂದ 0.80ರಲ್ಲಿ ಶುರು ಮಾಡಿ. ಪ್ಲಗ್ ಬಣ್ಣ ನೋಡಿ ಹೇಳುವ ಹಳೆಯ ವಿದ್ಯೆ ಇಲ್ಲಿ ಅರ್ಧ ಮಾತ್ರ ನಡೆಯುತ್ತದೆ. ಮೆಥನಾಲ್‌ನಲ್ಲಿ ಪಿಂಗಾಣಿ ಭಾಗ ಸದಾ ಬೆಳ್ಳಗೇ ಇರುತ್ತದೆ, ಕಾಫಿ ಬಣ್ಣ ಹುಡುಕಿ ಜೆಟ್ ಬದಲಿಸಬೇಡಿ.

ಪ್ಲಗ್‌ನದೇ ಬೇರೊಂದು ಎಚ್ಚರಿಕೆ. ಮೆಥನಾಲ್ ನಾಕಿಂಗ್ ತಡೆಯುತ್ತದೆ, ಆದರೆ ಬಿಸಿ ಚುಕ್ಕೆ ಒಂದು ಸಿಕ್ಕರೆ ಕಿಡಿಗೆ ಮೊದಲೇ ಹೊತ್ತಿಕೊಳ್ಳುತ್ತದೆ. ಕೆಂಪಗೆ ಕಾದ ಪ್ಲಗ್ ತುದಿ, ಹೆಡ್‌ನ ಚೂಪು ಅಂಚು, ಒಳಗೆ ಇಣುಕುವ ಪ್ಲಗ್ ಥ್ರೆಡ್ ಸಾಕು. ಅಂಚುಗಳನ್ನು ಉಜ್ಜಿ ಗುಂಡಗೆ ಮಾಡಿ. ಪ್ಲಗ್ ಒಂದೆರಡು ಹಂತ ತಣ್ಣನೆಯದು ಹಾಕಿ: ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ತಣ್ಣಗೆ, 8 ಇದ್ದರೆ 9 ಅಥವಾ 10. ಬಾಷ್‌ನಲ್ಲಿ ಲೆಕ್ಕ ತಿರುವುಮುರುವು.

ಟೂ ಸ್ಟ್ರೋಕ್‌ನವರಿಗೆ

ಯಮಹಾ ಆರ್‌ಎಕ್ಸ್ ಬೈಕಿನ ಪ್ರೇಮಿಗಳಿಗೆ ಈ ಭಾಗ. ಸಾಮಾನ್ಯ 2ಟಿ ಆಯಿಲ್ ಮೆಥನಾಲ್‌ನಲ್ಲಿ ಕರಗುವುದಿಲ್ಲ. ರಾತ್ರಿ ಬೆರೆಸಿಟ್ಟರೆ ಬೆಳಿಗ್ಗೆ ಎರಡೂ ಬೇರೆ ಬೇರೆ ನಿಂತಿರುತ್ತವೆ. ಮೊದಲ ರನ್‌ನಲ್ಲಿ ಬರೀ ಮೆಥನಾಲ್ ಹೋಗಿ ಪಿಸ್ಟನ್ ಜಾಮ್. ಕರಗುವುದು ಹರಳೆಣ್ಣೆ, ಅಜ್ಜಿ ತಲೆಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆಯ ಜಾತಿ. ಆದರೆ ಅಂಗಡಿಯದ್ದನ್ನು ಸುರಿಯಬೇಡಿ, ಪಿಸ್ಟನ್ ರಿಂಗ್ ಕೂರುವ ಸಂದಿಯಲ್ಲಿ ಅಂಟಾಗಿ ಕೂರುತ್ತದೆ. ರೇಸಿಂಗ್‌ಗೆಂದು ಶುದ್ಧ ಮಾಡಿದ ಕ್ಯಾಸ್ಟರ್ ಆಯಿಲ್ ತನ್ನಿ. ಅನುಪಾತ ಪೆಟ್ರೋಲಿನಲ್ಲಿದ್ದ 25ಕ್ಕೆ 1 ಅನ್ನೇ ಇಟ್ಟರೆ ಎಣ್ಣೆ ಎರಡು ಪಟ್ಟು ಹೋಗುತ್ತದೆ, ಏಕೆಂದರೆ ಇಂಧನವೇ ಎರಡು ಪಟ್ಟು. ಡ್ರ್ಯಾಗ್‌ನ ಚಿಕ್ಕ ಓಟಕ್ಕೆ ಹಾಗೇ ಇರಲಿ. ಇ85ಕ್ಕೆ ಯಾವ ಆಯಿಲ್ ಆಗುತ್ತದೆ ಎಂದು ಗಾಜಿನ ಬಾಟಲಿಯಲ್ಲಿ ಬೆರೆಸಿ ಒಂದು ರಾತ್ರಿ ಇಟ್ಟು ನೋಡಿಯೇ ತೀರ್ಮಾನಿಸಿ.

ಪೆಟ್ರೋಲಿಗೆ ಅರ್ಧ ಮೆಥನಾಲ್ ಬೆರೆಸುವ ಚಾಳಿ ಕೆಲವರಿಗಿದೆ. ಬೇಡ. ಆ ಮಿಶ್ರಣಕ್ಕೆ ಒಂದಿಷ್ಟು ನೀರಿನ ಅಂಶ ತಾಗಿದರೂ ಒಡೆದು, ಮೆಥನಾಲ್ ನೀರಿನೊಂದಿಗೆ ತಳ ಸೇರುತ್ತದೆ. ಒಂದೇ ಟ್ಯಾಂಕಿನಿಂದ ಮೊದಲು ಒಂದು ಇಂಧನ, ಆಮೇಲೆ ಇನ್ನೊಂದು. ಯಾವ ಜೆಟ್ ತಾನೇ ಎರಡಕ್ಕೂ ಹೊಂದೀತು?

ಪೈಪು, ಟ್ಯಾಂಕು, ತೊಳೆಯುವ ಕೆಲಸ

ಎಥನಾಲ್‌ಗೆ ವಿಟಾನ್ ರಬ್ಬರಿನ ಸೀಲ್, ಇ85 ಎಂದು ಬರೆದ ಪೈಪ್ ಸಾಕು. ಮೆಥನಾಲ್‌ಗೆ ಸಾಮಾನ್ಯ ದರ್ಜೆಯ ವಿಟಾನ್ ಕೂಡ ಉಬ್ಬುತ್ತದೆ. ಇಪಿಡಿಎಂ ರಬ್ಬರ್ ಮೆಥನಾಲ್‌ಗೆ ಚೆನ್ನಾಗಿ ತಡೆಯುತ್ತದೆ, ಆದರೆ ತೊಳೆಯಲು ಪೆಟ್ರೋಲ್ ಬಿಟ್ಟ ಕೂಡಲೇ ಹಾಳಾಗುತ್ತದೆ. ಎರಡಕ್ಕೂ ಜಗ್ಗದ್ದು ಟೆಫ್ಲಾನ್ ಒಳಪದರದ ಪೈಪ್. ಟ್ಯಾಂಕ್ ಸ್ಟೇನ್‌ಲೆಸ್ ಅಥವಾ ಗಟ್ಟಿ ಎಚ್‌ಡಿಪಿಇ ಪ್ಲಾಸ್ಟಿಕ್ ಇರಲಿ. ಬರೀ ಅಲ್ಯೂಮಿನಿಯಂ, ಸತುವಿನ ಕಾರ್ಬುರೇಟರ್ ಬಾಡಿಯೊಳಗೆ ಮೆಥನಾಲ್ ನಾಲ್ಕು ದಿನ ನಿಂತರೆ ಬಿಳಿ ಗಂಜಿಯಂಥ ಲೋಳೆ ಕಟ್ಟಿ ಜೆಟ್ ಮುಚ್ಚುತ್ತದೆ.

ಹಾಗಾಗಿ ದಿನದ ಕೊನೆಯ ರನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಒಂದು ಲೀಟರ್ ಪೆಟ್ರೋಲ್ ಹಾಕಿ ಐಡಲ್‌ನಲ್ಲಿ ಎರಡು ಮೂರು ನಿಮಿಷ ಓಡಿಸಿ. ಥ್ರಾಟಲ್ ಎತ್ತಬೇಡಿ, ಮೆಥನಾಲ್ ಜೆಟ್‌ನಲ್ಲಿ ಪೆಟ್ರೋಲ್ ವಿಪರೀತ ದಪ್ಪವಾಗಿ ಸಿಲಿಂಡರ್ ಗೋಡೆಯ ಎಣ್ಣೆ ತೊಳೆದುಹಾಕುತ್ತದೆ. ಇಂಜಿನ್ ಕೆಮ್ಮಲು ಶುರು ಮಾಡಿದರೆ ಪೆಟ್ರೋಲ್ ಬಂತು ಎಂದು ತಿಳಿಯಿರಿ. ಆಮೇಲೆ ಫ್ಲೋಟ್ ಬೌಲ್ ಬಿಚ್ಚಿ ಒರೆಸಿ. ಫೋರ್ ಸ್ಟ್ರೋಕ್ ಆದರೆ ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಹಾಲಿನ ಚಹಾ ಬಣ್ಣಕ್ಕೆ ತಿರುಗಿರುತ್ತದೆ. ಪ್ರತಿ ಈವೆಂಟ್ ಆದ ಮೇಲೆ ಬದಲಿಸುವುದೇ ಲೇಸು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ, ಗೋವಾದಲ್ಲಿ ಅರ್ಧ ಖಾಲಿ ಕ್ಯಾನ್ ಇಡಬೇಡಿ. ಎರಡೂ ಆಲ್ಕೋಹಾಲ್ ಗಾಳಿಯ ತೇವ ಕುಡಿಯುತ್ತವೆ. ಚಿಕ್ಕ ಕ್ಯಾನ್, ಬಾಯಿವರೆಗೆ ತುಂಬಿದ್ದು, ಬಿಗಿ ಮುಚ್ಚಳ. ಹೈಡ್ರೋಮೀಟರ್ ಇದ್ದರೆ ಅಳೆಯಿರಿ: 30 ಡಿಗ್ರಿಯಲ್ಲಿ ಶುದ್ಧ ಮೆಥನಾಲ್ ಸಾಂದ್ರತೆ 0.782, 0.795 ದಾಟಿದರೆ ಶೇ. 5ರ ಹತ್ತಿರ ನೀರು ಸೇರಿದೆ ಎಂದರ್ಥ. ಎಥನಾಲ್‌ನ ಸಾಂದ್ರತೆಯೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಯಾವುದು ಯಾವುದೆಂದು ಈ ಉಪಕರಣ ಹೇಳಲಾರದು. ಡಬ್ಬಿ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ದೊಡ್ಡದಾಗಿ "ವಿಷ" ಎಂದು ಬರೆಯಿರಿ.

ಆ ಬರಹ ಅಲಂಕಾರಕ್ಕಲ್ಲ. 2015ರ ಜೂನ್‌ನಲ್ಲಿ ಮುಂಬೈನ ಮಾಲ್ವಣಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಕಳ್ಳಭಟ್ಟಿಯಲ್ಲಿದ್ದ ಮೆಥನಾಲ್‌ನಿಂದ. ಎರಡು ಚಮಚ ಕಣ್ಣು ಕಳೆಯಬಹುದು, ಸ್ವಲ್ಪ ಹೆಚ್ಚಾದರೆ ಜೀವ. ಚರ್ಮದಿಂದಲೂ ಒಳಗಿಳಿಯುತ್ತದೆ. ಪೈಪ್ ಬಾಯಲ್ಲಿಟ್ಟು ಎಳೆಯುವ ಅಭ್ಯಾಸ ಇರುವವರನ್ನು ಇದರ ಹತ್ತಿರ ಬಿಡಬೇಡಿ. ಕೈಗವಸು, ಕನ್ನಡಕ, ತೆರೆದ ಜಾಗ ಬೇಕೇ ಬೇಕು. ನುಂಗಿದವರಿಗೆ ಮೊದಲು ಅಮಲು ಬಂದಂತಾಗಿ ಆಮೇಲೆ ಅರ್ಧ ದಿನ ಏನೂ ಆಗದಂತೆಯೂ ಇರಬಹುದು. ಕಾಯದೆ ಆಸ್ಪತ್ರೆಗೆ ಒಯ್ದು "ಮೆಥನಾಲ್" ಎಂದು ಹೆಸರು ಹಿಡಿದೇ ಹೇಳಿ, ಅದಕ್ಕೆ ಬೇರೆಯೇ ಮದ್ದು ಇದೆ. ಪಿಟ್‌ನಲ್ಲಿ ಒಂದು ಬಕೆಟ್ ಅಲ್ಲ, ಡ್ರಮ್ ನೀರು ಇಟ್ಟುಕೊಳ್ಳಿ: ನಾಲ್ಕರಲ್ಲಿ ಒಂದು ಪಾಲು ಮೆಥನಾಲ್ ಉಳಿದ ನೀರೂ ಹೊತ್ತಿಕೊಳ್ಳಬಲ್ಲದು. ಗಾಳಿ ಅಲುಗುವಂತೆ, ಬಿಸಿಲುಗುದುರೆಯಂತೆ ಏನಾದರೂ ಕಂಡರೆ ಅಲ್ಲಿ ಬೆಂಕಿ ಇದೆ ಎಂದುಕೊಂಡೇ ನೀರು ಹುಯ್ಯಿರಿ.

ಮೆಥನಾಲ್ ಮಾರಾಟ, ದಾಸ್ತಾನಿಗೆ ವಿಷ ಪದಾರ್ಥಗಳ ಕಾಯಿದೆಯಡಿ ಪರವಾನಗಿ ಬೇಕು. ಬಿಲ್ ಕೊಡದ ಕೆಮಿಕಲ್ ಅಂಗಡಿಯಿಂದ ತರಬೇಡಿ, ಅದರಲ್ಲಿ ಏನಿದೆ ಎಂಬುದಕ್ಕೂ ಗ್ಯಾರಂಟಿ ಇರುವುದಿಲ್ಲ. ಸ್ಪಿರಿಟ್‌ ರೂಪದ ಎಥನಾಲ್ ಆದರೆ ರಾಜ್ಯ ಅಬಕಾರಿಯವರ ಲೆಕ್ಕಕ್ಕೆ ಬರುತ್ತದೆ. ಪಂಪಿನ ಇ100ಕ್ಕೆ ಈ ರಗಳೆ ಇಲ್ಲ, ಎಥನಾಲ್ ಪರ ನಾವು ವಾಲಲು ಅದೂ ಒಂದು ಕಾರಣ. ಇಂಜಿನ್ ಬಿಚ್ಚುವ ಮೊದಲು ನಿಮ್ಮ ಕ್ಲಾಸಿನ ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ರೇಸ್ ಸಂಸ್ಥೆ) ನಿಯಮಾವಳಿ, ಆ ಈವೆಂಟಿನ ಹೆಚ್ಚುವರಿ ನಿಯಮಗಳು ಎರಡನ್ನೂ ತೆಗೆದು ಇಂಧನದ ಸಾಲು ಓದಿ. "ಪಂಪ್ ಪೆಟ್ರೋಲ್ ಮಾತ್ರ" ಎಂದಿದ್ದರೆ ಜೆಟ್ ಡಬ್ಬಿ ಮುಚ್ಚಿಡಿ; ಗೆದ್ದ ಮೇಲೆ ಟ್ಯಾಂಕಿನಿಂದ ಸ್ಯಾಂಪಲ್ ತೆಗೆಯುತ್ತಾರೆ.